ದಡಾರ ಲಸಿಕೆ 93% ತಲುಪಿದ್ದರೂ ರೋಗ ಏಕೆ ಹರಡುತ್ತದೆ?

ದೇಶದಲ್ಲಿ ನೂರಕ್ಕೆ 93 ಮಕ್ಕಳಿಗೆ ದಡಾರದ ಲಸಿಕೆ ಸಿಕ್ಕಿದೆ ಎನ್ನುತ್ತಾರೆ, ಆದರೂ ರೋಗ ಮರಳಿ ಬರುತ್ತಿರುವುದೇಕೆ, ಈ ಅಂಕಿಗಳನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಾನು ತಾಲ್ಲೂಕು ಮಟ್ಟದಲ್ಲಿ ಹಲವು ವರ್ಷ ಲಸಿಕೆಯ ಲೆಕ್ಕ ಬರೆದವಳು. ನಂಬಿ, ಆದರೆ ಅದು ಯಾವುದರ ಲೆಕ್ಕ ಎಂದು ತಿಳಿದು ನಂಬಿ.

93 ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ಕ್ಕೆ ಕೊಟ್ಟ ಮೊದಲ ಡೋಸಿನ ಅಂದಾಜು, ಎರಡನೆಯದು 90. ದಡಾರವನ್ನು ತಡೆಯಲು ಎರಡೂ ಡೋಸು 95 ದಾಟಬೇಕು, ಅದೂ ಪ್ರತಿ ಜಿಲ್ಲೆಯಲ್ಲಿ. ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಹುಟ್ಟುವ ದೇಶದಲ್ಲಿ ಉಳಿದ ಏಳು ಎಂದರೆ 16 ಲಕ್ಷ ಕೂಸುಗಳು. ಅವರು ದೇಶದ ತುಂಬ ಚದುರಿ ಹೋಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ. ಒಂದೇ ಕೇರಿಯಲ್ಲಿ, ಒಂದೇ ಸಾಲಿನ ಶೆಡ್ಡುಗಳಲ್ಲಿ ಒತ್ತಾಗಿ ಇರುತ್ತಾರೆ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಂಥ ಕಡೆ ಕಾಯಿಲೆ ಹೊತ್ತಿಕೊಂಡದ್ದು ಹೀಗೆ.

ಇನ್ನು ಛೇದದ ವಿಷಯ, ಅಂದರೆ ಶೇಕಡಾ ಲೆಕ್ಕದಲ್ಲಿ ಕೆಳಗಿರುವ ಒಟ್ಟು ಮಕ್ಕಳ ಸಂಖ್ಯೆ. ಎಷ್ಟು ಮಕ್ಕಳಿಗೆ ಚುಚ್ಚಿದೆವು ಎಂಬುದು ಲಸಿಕೆ ಹಾಕುವ ಆರೋಗ್ಯ ಸಹಾಯಕಿಯ (ಎಎನ್‌ಎಂ) ರಿಜಿಸ್ಟರಿನಲ್ಲಿದೆ. ಎಷ್ಟು ಮಕ್ಕಳಿಗೆ ಚುಚ್ಚಬೇಕಿತ್ತು ಎಂಬುದು ಬಹುಪಾಲು ಜನಸಂಖ್ಯೆಯ ಮೇಲೆ ಕಟ್ಟಿದ ಅಂದಾಜು. ಒಂದು ವರ್ಷ ನಮ್ಮ ಸಾಧನೆ ನೂರನ್ನೇ ದಾಟಿತು. ಅದೇ ಬೇಸಿಗೆಯಲ್ಲಿ ಊರಾಚೆಯ ಇಟ್ಟಿಗೆ ಗೂಡಿನ ಗುಡಿಸಲುಗಳಲ್ಲಿ ಜ್ವರ, ಕೆಂಪು ದದ್ದು. ಆ ಮಕ್ಕಳು ನಮ್ಮ ಅಂದಾಜಿನಲ್ಲೂ ಇರಲಿಲ್ಲ, ರಿಜಿಸ್ಟರಿನಲ್ಲೂ ಇರಲಿಲ್ಲ. ಆ ದಿನ ನನಗಾದ ನಾಚಿಕೆ ಇನ್ನೂ ಮಾಸಿಲ್ಲ. ಮನೆ ಬಾಗಿಲಿಗೆ ಹೋಗಿ ತಾಯಿ ಕಾರ್ಡ್ ನೋಡುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೂ ಜೊತೆಗಿಟ್ಟು ಓದಬೇಕು ಎನ್ನುವುದು ಅದಕ್ಕೇ. 2019–21ರ ಆ ಸಮೀಕ್ಷೆಯಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಪಡೆದವರು 76.4%, ಕರ್ನಾಟಕದಲ್ಲಿ 84.1%.

ರೋಗದ ಸಂಖ್ಯೆಯನ್ನು ಓದುವುದು ಇನ್ನೂ ಸೂಕ್ಷ್ಮ. ಒಂದು ಜಿಲ್ಲೆಯಿಂದ ದಡಾರದ ಒಂದೂ ವರದಿ ಬಾರದಿದ್ದರೆ ಅಲ್ಲಿ ರೋಗವಿಲ್ಲದಿರಬಹುದು, ಹುಡುಕುವವರೇ ಇಲ್ಲದಿರಬಹುದು. ಇದನ್ನು ಬಿಡಿಸಿ ನೋಡಲು ಒಂದು ಒಳ್ಳೆಯ ಅಳತೆ ಇದೆ. ಜ್ವರ, ದದ್ದು ಇರುವ ಪ್ರತಿ ಮಗುವಿನ ರಕ್ತ ಪರೀಕ್ಷಿಸಿ, ಇದು ದಡಾರವೂ ಅಲ್ಲ, ಅದರಂತೆಯೇ ದದ್ದು ಬರಿಸುವ ರುಬೆಲ್ಲಾವೂ ಅಲ್ಲ ಎಂದು ಕೈಬಿಟ್ಟ ಪ್ರಕರಣಗಳು ವರ್ಷಕ್ಕೆ ಲಕ್ಷ ಜನರಿಗೆ ಕನಿಷ್ಠ ಎರಡಾದರೂ ಇರಬೇಕು. ಅಷ್ಟಿಲ್ಲದ ಜಿಲ್ಲೆಯ ಸೊನ್ನೆಯನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಂತೂ ಮೈಮೇಲೆ ದದ್ದು ಎದ್ದರೆ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಸುಮ್ಮನಾಗುವ ಮನೆಗಳಿವೆ. ಉತ್ತರ ಕರ್ನಾಟಕದಲ್ಲಿ ದಡಾರವನ್ನು ಗೊಬ್ಬರ ಎನ್ನುತ್ತಾರೆ. ಆಶಾ ಕಾರ್ಯಕರ್ತೆಗೆ ಈ ಮಾತುಗಳೆಲ್ಲ ಕಿವಿಗೆ ಬೀಳಬೇಕು, ಬಿದ್ದ ದಿನವೇ ಆಕೆ ಫೋನ್ ಮಾಡಬೇಕು.

ನಿಮ್ಮ ಜಿಲ್ಲೆಯ ವರದಿ ಕೈಗೆ ಸಿಕ್ಕರೆ ಮೊದಲು ಒಂಬತ್ತು ತಿಂಗಳಿಗೆ ಕೊಡುವ ಮೊದಲ ಡೋಸು ಪಡೆದವರ ಸಂಖ್ಯೆಗೂ 16ರಿಂದ 24 ತಿಂಗಳೊಳಗಿನ ಎರಡನೆಯ ಡೋಸು ಪಡೆದವರ ಸಂಖ್ಯೆಗೂ ನಡುವಿನ ಅಂತರ ನೋಡಿ. ಆಮೇಲೆ ವಲಸೆ ಕಾರ್ಮಿಕರ ಮಕ್ಕಳನ್ನು ಯಾರು ಎಣಿಸುತ್ತಾರೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಿ.