ಕತ್ತರಿ ಹಾಕಿದ ಪುಟಗಳಲ್ಲಿ ಇದ್ದದ್ದು

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಸಿಟ್ಟಿನಲ್ಲಿ ಬರೆದಿದ್ದೀರಿ ಅಂತ ಮೊದಲ ಸಾಲಿನಲ್ಲೇ ಗೊತ್ತಾಯಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗಾಗಿ ಪತ್ರದ ತಿರುಳನ್ನು ಮಾತ್ರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ದೇಶ ದೇಶ ಸುತ್ತಿ ಕಾರ್ಯಕ್ರಮ ಕೊಡುವ ಒಬ್ಬ ಡಿಜೆಯ ಬೇಸಿಗೆಯ ದಿನಚರಿ ಪ್ರಕಟಿಸಿದ್ದೆವು. ಆಕೆ ತಮ್ಮದೇ ಹಾಡುಗಳನ್ನೂ ಮಾಡುತ್ತಾರೆ, ವೇದಿಕೆಯ ಪರದೆಗೆ ಚಿತ್ರಗಳನ್ನೂ ಬರೆಯುತ್ತಾರೆ. ಅದನ್ನು ಓದಿದ ನಿಮ್ಮ 19 ವರ್ಷದ ಮಗಳು ಕಾಲೇಜು ಬಿಟ್ಟು ಡಿಜೆ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೇರೆಯವರ ಹಾಡು ಹಾಕುವವರನ್ನು ಕಲಾವಿದೆ ಅನ್ನುವುದು ಹೇಗೆ? ಬಟನ್ ಒತ್ತುವ ಕೆಲಸಕ್ಕೆ ಇಷ್ಟು ದೊಡ್ಡ ಮಾತು ಯಾಕೆ? ಸಮುದ್ರ, ವಿಮಾನ, ಬೆಳಗಿನ ತನಕ ಕುಣಿತ ಇಷ್ಟನ್ನೇ ತೋರಿಸಿ ಮಕ್ಕಳ ತಲೆ ಕೆಡಿಸುವುದು ಪತ್ರಿಕೆಯ ಕೆಲಸವಾ? ಇವು ನಿಮ್ಮ ಮೂರು ಪ್ರಶ್ನೆಗಳು.

ಕೊನೆಯದರಿಂದ ಶುರು ಮಾಡುತ್ತೇನೆ. ಅಲ್ಲಿ ತಪ್ಪು ನನ್ನದು.

ಆ ದಿನಚರಿ ನಮ್ಮ ಕೈಗೆ ಬಂದಾಗ ನಾವು ಹಾಕಿದ್ದಕ್ಕಿಂತ ಮೂರು ಪಟ್ಟು ಉದ್ದ ಇತ್ತು. ಅಷ್ಟು ಜಾಗ ಇರಲಿಲ್ಲ. ಕತ್ತರಿ ಹಿಡಿದವನು ನಾನೇ. ಸೂರ್ಯ ಹುಟ್ಟುವ ಹೊತ್ತಿಗೆ ಸಮುದ್ರದ ದಡದಲ್ಲಿ ಕೊನೆಯ ಹಾಡು ಹಾಕಿದ್ದನ್ನು ಉಳಿಸಿಕೊಂಡೆ. ಅದೇ ಬೆಳಿಗ್ಗೆ ವಿಮಾನ ನಿಲ್ದಾಣದ ನೆಲದ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ್ದನ್ನು ತೆಗೆದುಬಿಟ್ಟೆ. ಓದುಗರಿಗೆ ಬೇಜಾರಾಗುತ್ತೆ ಅಂದುಕೊಂಡೆ. ನಿಮ್ಮ ಪತ್ರ ಬಂದ ಮೇಲೆ ಹಳೆ ಕಡತ ತೆಗೆದು ಪೂರ್ತಿ ಓದಿದೆ. ನಾನು ಬಿಟ್ಟದ್ದೆಲ್ಲ ಕೆಲಸ, ಉಳಿಸಿಕೊಂಡದ್ದೆಲ್ಲ ಫೋಟೋ.

ಬಿಟ್ಟ ಪುಟಗಳ ಒಂದು ವಾರಾಂತ್ಯ ಹೀಗಿದೆ. ಶುಕ್ರವಾರ ರಾತ್ರಿ ಎರಡರಿಂದ ನಾಲ್ಕರ ತನಕ ಒಂದು ಕ್ಲಬ್. ಐದಕ್ಕೆ ಕಾರು, ಏಳಕ್ಕೆ ವಿಮಾನ. ಹತ್ತಕ್ಕೆ ಮುಂದಿನ ಊರು ಸೇರಿದರೆ ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯ ತನಕ ಲಾಬಿಯ ಕುರ್ಚಿಯೇ ಗತಿ. ಶನಿವಾರ ಸಂಜೆ ಬಯಲಿನಲ್ಲಿ ಉತ್ಸವ. ಬಿಸಿಲು ನೇರ ಪ್ಲೇಯರಿನ ಪರದೆಗೆ ಬೀಳುತ್ತಿದ್ದರಿಂದ ಹಾಡಿನ ಹೆಸರೇ ಕಾಣುತ್ತಿರಲಿಲ್ಲ. ಟವೆಲ್ ಹಿಡಿದು ನೆರಳು ಮಾಡಿಕೊಂಡು ಒಂದೂವರೆ ಗಂಟೆ ನುಡಿಸಿದರಂತೆ. ಭಾನುವಾರ ಮೂರನೇ ದೇಶ. ಸೋಮವಾರ ನಿದ್ದೆ. ಮಂಗಳವಾರ ಬಟ್ಟೆ ಒಗೆಯುವುದು, ಬಿಲ್ಲು ಕಳಿಸುವುದು, ಹೋದ ತಿಂಗಳ ದುಡ್ಡು ಇನ್ನೂ ಯಾಕೆ ಬಂದಿಲ್ಲ ಅಂತ ಮೇಲ್ ಬರೆಯುವುದು. ಬುಧವಾರ, ಗುರುವಾರ ಸ್ಟುಡಿಯೋ. ಆಮೇಲೆ ಮತ್ತೆ ಶುಕ್ರವಾರ.

ವಾರಕ್ಕೆ ಮೂರು ಕಾರ್ಯಕ್ರಮ ಅಂದರೆ ಬೂತಿನಲ್ಲಿ, ಅಂದರೆ ಡಿಜೆ ನಿಂತು ನುಡಿಸುವ ಜಾಗದಲ್ಲಿ, ನಿಲ್ಲುವುದು ಐದೋ ಆರೋ ಗಂಟೆ. ಫೋಟೋ ತೆಗೆಯುವವರು ಬರುವುದು ಆ ಹೊತ್ತಿಗೆ ಮಾತ್ರ.

ಯೂರೋಪಿನಲ್ಲಿ ಕ್ಲಬ್ಬುಗಳ ಬೇಸಿಗೆ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಸ್ಪೇನಿನ ಇಬಿಝಾ ದ್ವೀಪ. ಅಲ್ಲಿನ ದೊಡ್ಡ ಕ್ಲಬ್ಬುಗಳು ವಸಂತದ ಕೊನೆಗೆ ಬಾಗಿಲು ತೆರೆದು ಅಕ್ಟೋಬರ್ ಹೊತ್ತಿಗೆ ಸೀಸನ್ ಮುಗಿಸುತ್ತವೆ. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ನಾಲ್ಕೈದು ತಿಂಗಳಲ್ಲೇ ಆಗಬೇಕು. ಆದರೆ ಹೊರಗಿನ ದೇಶದಿಂದ ಹೋಗುವವರಿಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಅವಕಾಶ. ದುಡ್ಡು ತೆಗೆದುಕೊಂಡು ಕೆಲಸ ಮಾಡಲು ಎಷ್ಟೋ ಕಡೆ ಬೇರೆ ಅನುಮತಿ ಬೇಕು. ಹಾಗಾಗಿ ಆಕೆಯ ದಿನಚರಿಯ ಹಿಂಬದಿಯ ಪುಟದಲ್ಲಿ ಹಾಡುಗಳ ಪಟ್ಟಿ ಇಲ್ಲ, ದಿನಗಳ ಲೆಕ್ಕ ಇದೆ. ಗೆರೆ ಎಳೆದು, ಅಡ್ಡ ಗೆರೆ ಎಳೆದು, ಶಾಲೆಯ ಮಕ್ಕಳು ಎಣಿಸುವ ಹಾಗೆ.

ಇನ್ನು ಬಟನ್ ವಿಷಯ. ಇಲ್ಲಿ ನಿಮ್ಮ ಮಾತು ಅರ್ಧ ಸರಿ. ದೊಡ್ಡ ಉತ್ಸವಗಳ ಮುಖ್ಯ ವೇದಿಕೆಯಲ್ಲಿ ಬೆಳಕು, ಪಟಾಕಿ, ಪರದೆಯ ಚಿತ್ರ ಎಲ್ಲ ಒಂದೇ ಕ್ಷಣಕ್ಕೆ ಕೂಡಿ ಬರಬೇಕು. ಅದಕ್ಕಾಗಿ ಕೆಲವರು ಎಲ್ಲವನ್ನೂ ಮೊದಲೇ ಜೋಡಿಸಿಕೊಂಡು ಬರುತ್ತಾರೆ. ಅಲ್ಲಿ ಕೈ ಮೇಲೆತ್ತುವುದೇ ಜಾಸ್ತಿ, ಕೆಲಸ ಕಡಿಮೆ. ನನಗೆ ಅದು ಹಿಡಿಸುವುದಿಲ್ಲ. ಎರಡು ಹಾಡುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಕೂಡ ಈಗಿನ ಯಂತ್ರಗಳಲ್ಲಿ ಇದೆ. ಅದನ್ನು ಒತ್ತಿದರೆ ಪಾಪ ಅಂತ ನಾನು ಹೇಳುವುದಿಲ್ಲ. ಹಳಬರು ಹೇಳುತ್ತಾರೆ.

ಹಳಬರು ಕಲಿತದ್ದು ಟೆಕ್ನಿಕ್ಸ್ ಎಸ್‌ಎಲ್-1200 ಅನ್ನುವ ಟರ್ನ್‌ಟೇಬಲ್ ಮೇಲೆ, ಅಂದರೆ ರೆಕಾರ್ಡ್ ತಿರುಗಿಸುವ ಯಂತ್ರದ ಮೇಲೆ. ಅದು ಬಂದದ್ದು 1972ರಲ್ಲಿ. 1979ರ ಮಾದರಿಯಲ್ಲಿ ಪಕ್ಕಕ್ಕೊಂದು ಉದ್ದನೆಯ ಜಾರುಗುಂಡಿ ಕೊಟ್ಟರು. ಅದನ್ನು ಸರಿಸಿದರೆ ವೇಗ ನೂರಕ್ಕೆ ಎಂಟರಷ್ಟು ಹೆಚ್ಚು ಅಥವಾ ಕಡಿಮೆ ಆಗುತ್ತದೆ. ಅಂದರೆ ನಿಮಿಷಕ್ಕೆ 120 ಬಡಿತದ ಹಾಡನ್ನು ಸುಮಾರು 110ರಿಂದ 130ರ ತನಕ ಎಳೆಯಬಹುದು. ಒಂದು ಕಿವಿಗೆ ಹೆಡ್‌ಫೋನಿನಲ್ಲಿ ಮುಂದಿನ ಹಾಡು, ಇನ್ನೊಂದು ಕಿವಿ ಹೊರಗಿನ ಹಾಡಿಗೆ. ಎರಡೂ ಒಂದೇ ಹೆಜ್ಜೆ ಹಾಕುವ ತನಕ ಸರಿಸುತ್ತಾ ಇರಬೇಕು. ನಾನೂ ಒಮ್ಮೆ ಕೈ ಆಡಿಸಿ ನೋಡಿದ್ದೇನೆ. ಎರಡು ಕುದುರೆಗಳು ಕಲ್ಲಿನ ಮೇಲೆ ಜಾರಿ ಬಿದ್ದ ಹಾಗೆ ಕೇಳಿಸಿತು. ಪಕ್ಕದಲ್ಲಿದ್ದವರು ಮರ್ಯಾದೆಗೆ ನಗಲಿಲ್ಲ ಅಷ್ಟೇ.

ಬಯಲಿನಲ್ಲಿ ಇದು ಇನ್ನೂ ಕಷ್ಟ. ಗಾಳಿಯಲ್ಲಿ ಶಬ್ದ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಮುಖ್ಯ ಸ್ಪೀಕರುಗಳು 34 ಮೀಟರ್ ದೂರ ಇದ್ದರೆ ಅಲ್ಲಿಂದ ಬರುವ ಬಡಿತ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕಿವಿಗೆ ಬೀಳುತ್ತದೆ. 128ರ ವೇಗದ ಹಾಡಿನಲ್ಲಿ ಎರಡು ಬಡಿತಗಳ ನಡುವೆ ಇರುವುದೇ ಅರ್ಧ ಸೆಕೆಂಡಿಗಿಂತ ಕಡಿಮೆ. ಬಯಲಿನ ಶಬ್ದ ನಂಬಿ ಹೊಂದಿಸಿದರೆ ಕೆಟ್ಟಿತು ಅಂತಲೇ ಅರ್ಥ. ಅದಕ್ಕೇ ಡಿಜೆಯ ಪಕ್ಕದಲ್ಲೇ ಮಾನಿಟರ್ ಅನ್ನುವ ಬೇರೆ ಸ್ಪೀಕರ್ ಇಡುತ್ತಾರೆ. ಹಿಂದಿನ ದಿನ ಒಂದೇ ಒಂದು ಮಾನಿಟರ್ ಕೆಲಸ ಮಾಡಿತ್ತು ಅಂತ ದಿನಚರಿಯಲ್ಲಿ ಒಂದು ಸಾಲು ಇತ್ತು. ನನಗೆ ಅರ್ಥವಾಗದೆ ಅದನ್ನೂ ತೆಗೆದಿದ್ದೆ.

ಆದರೆ ಯಾವ ಹಾಡಿನ ಹಿಂದೆ ಯಾವ ಹಾಡು ಬರಬೇಕು ಅನ್ನುವುದು ಕೈಚಳಕಕ್ಕಿಂತ ದೊಡ್ಡ ವಿಷಯ. ಅದನ್ನು ತೀರ್ಮಾನಿಸಬೇಕಾದದ್ದು ಎದುರಿನ ಜನರನ್ನು ನೋಡಿ. ವಾರವೆಲ್ಲ ನೂರಾರು ಹೊಸ ಹಾಡು ಕೇಳಿ ಕೈಬೆರಳೆಣಿಕೆಯಷ್ಟನ್ನು ಉಳಿಸಿಕೊಳ್ಳುತ್ತಾರೆ ಆಕೆ. ಎಲ್ಲಿ ಶುರು ಮಾಡಬೇಕು ಅಂತ ಪ್ರತಿ ಹಾಡಿಗೂ ಗುರುತು ಹಾಕಿ ಎರಡು ಪೆನ್‌ಡ್ರೈವಿಗೆ ತುಂಬಿಸುತ್ತಾರೆ. ಒಂದು ಜೇಬಿಗೆ, ಒಂದು ಬ್ಯಾಗಿಗೆ. ಎಲ್ಲರಿಗಿಂತ ಮೊದಲು ನುಡಿಸುವ ಸರದಿ ಬಂದರೆ ಜೋರು ಹಾಡುಗಳನ್ನು ಮುಟ್ಟುವ ಹಾಗಿಲ್ಲ. ಮುಂದೆ ಬರುವವರಿಗೆ ನೆಲ ಹದ ಮಾಡಿಕೊಡಬೇಕು. ಇದಕ್ಕೆ ವಾರ್ಮ್‌ಅಪ್ ಅನ್ನುತ್ತಾರೆ. ಖಾಲಿ ಅಂಗಳಕ್ಕೆ ಒಂದು ಗಂಟೆ ತಾಳ್ಮೆಯಿಂದ ನುಡಿಸುವುದು ಬಟನ್ನಿನ ಕೆಲಸ ಅಲ್ಲ ಅಲ್ವಾ?

ಬೇರೆಯವರ ಹಾಡು ಅನ್ನುವ ಆಕ್ಷೇಪಕ್ಕೆ ಈಗ ಬರೋಣ. ಅದಕ್ಕೆ ಎರಡು ಬೇಸಿಗೆಗಳ ಕಥೆ ಹೇಳಿದರೆ ಸಾಕು.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಶಾಲೆ ಶುರುವಾಗುವ ಮುನ್ನ ಸಿಂಡಿ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಹಾಡು ಹಾಕಿದವನು ಅವಳ ಅಣ್ಣ, 18 ವರ್ಷದ ಡಿಜೆ ಕೂಲ್ ಹರ್ಕ್. ಹಾಡಿನ ನಡುವೆ ಡ್ರಮ್ ಮಾತ್ರ ಉಳಿಯುವ ಕೆಲವು ಸೆಕೆಂಡುಗಳಿಗಾಗಿಯೇ ಜನ ಕಾಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿದ ಕೂಡಲೇ ಇನ್ನೊಂದನ್ನು ಹಾಕುತ್ತಾ ಆ ತುಣುಕನ್ನೇ ಬೆಳೆಸುವುದು ಅವನ ವಿದ್ಯೆ ಆಯಿತು. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿ ಅಂತ ಜನ ಆ ದಿನವನ್ನು ಈಗಲೂ ನೆನೆಯುತ್ತಾರೆ. ಅವನ ಕೈಯಲ್ಲಿದ್ದದ್ದೆಲ್ಲ ಬೇರೆಯವರ ಹಾಡೇ.

ಎರಡನೆಯದು 1987ರದು, ಇಬಿಝಾದಲ್ಲಿ. ಆಮ್ನೇಸಿಯಾ ಎಂಬ ಕ್ಲಬ್ಬಿನಲ್ಲಿ ಅರ್ಜೆಂಟೀನಾ ಮೂಲದ ಆಲ್‌ಫ್ರೆಡೋ ಎಂಬ ಡಿಜೆ ರಾಕ್, ಪಾಪ್, ಹಾಗೂ ಆಗ ಷಿಕಾಗೋದಿಂದ ಹೊಸದಾಗಿ ಬಂದಿದ್ದ ಹೌಸ್ ಎಂಬ ಕುಣಿತದ ಸಂಗೀತ ಎಲ್ಲವನ್ನೂ ಒಂದೇ ರಾತ್ರಿ ಬೆರೆಸುತ್ತಿದ್ದ. ರಜೆಗೆ ಅಂತ ಬಂದಿದ್ದ ಲಂಡನ್ನಿನ ಡಿಜೆಗಳಾದ ಪಾಲ್ ಓಕನ್‌ಫೋಲ್ಡ್, ಡ್ಯಾನಿ ರ‍್ಯಾಂಪ್ಲಿಂಗ್ ಮತ್ತವರ ಗೆಳೆಯರು ಅದನ್ನು ಕೇಳಿ ದಂಗಾದರು. ಲಂಡನ್ನಿಗೆ ಮರಳಿ ಅದೇ ಬಗೆಯ ಕ್ಲಬ್ಬುಗಳನ್ನು ಶುರು ಮಾಡಿದರು. ಮರುವರ್ಷ ಬ್ರಿಟನ್ನಿನ ಯುವಕರ ಬೇಸಿಗೆಯೇ ಬದಲಾಯಿತು. ಆಲ್‌ಫ್ರೆಡೋ ಮಾಡಿದ್ದು ಆಯ್ಕೆ ಮಾತ್ರ. ಅದನ್ನು ಕಲೆ ಅನ್ನಬೇಕೋ ಬೇಡವೋ ನೀವೇ ಹೇಳಿ. ನಾನು ಅನ್ನುತ್ತೇನೆ.

ಈಗ ಮಗಳ ವಿಷಯ. ಇಲ್ಲಿ ನಾನು ನಿಮ್ಮ ಪಕ್ಷ, ಆದರೆ ನೀವು ಹೇಳಿದ ಕಾರಣಕ್ಕಲ್ಲ.

ಮೊದಲನೆಯದು ಕಿವಿ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುವುದು ತಜ್ಞರ ಲೆಕ್ಕ. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಬಂದರೆ ಉಳಿಯುವುದು 15 ನಿಮಿಷ. ಕ್ಲಬ್ಬಿನ ಬೂತಿನಲ್ಲಿ 100 ಅನ್ನುವುದು ಹೊಸದೇನಲ್ಲ, ಅಲ್ಲಿ ಎರಡು ಗಂಟೆ ನಿಲ್ಲಬೇಕು. ಹೋದ ಕಿವಿ ವಾಪಸ್ ಬರುವುದಿಲ್ಲ. ಆಕೆ ಕಿವಿಯ ಅಚ್ಚು ತೆಗೆಸಿ ಪ್ಲಗ್ ಮಾಡಿಸಿಕೊಂಡದ್ದು ತಡವಾಗಿ. ಈಗ ಕೋಣೆ ಪೂರ್ತಿ ನಿಶ್ಶಬ್ದ ಆದಾಗಲೇ ಎಡಗಿವಿಯಲ್ಲಿ ಗುಂಯ್ ಅನ್ನುತ್ತದೆ. ನಿದ್ದೆ ಬರಲಿ ಅಂತ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಈ ಪುಟವನ್ನು ಕತ್ತರಿಸಿದ್ದಕ್ಕೆ ನನಗೆ ಇವತ್ತಿಗೂ ಕಸಿವಿಸಿ ಇದೆ.

ಎರಡನೆಯದು, ನಿಲ್ಲಿಸಲು ಬಾರದ ಓಟ. ಅವಿಚಿ ಹೆಸರಿನಲ್ಲಿ ಜಗತ್ತಿಗೆ ಗೊತ್ತಿದ್ದ ಸ್ವೀಡನ್ನಿನ ಡಿಜೆ ಟಿಮ್ ಬರ್ಗ್ಲಿಂಗ್ ಕಾಯಿಲೆ, ಆಸ್ಪತ್ರೆಗಳ ನಡುವೆಯೂ ವರ್ಷಗಟ್ಟಲೆ ತಿರುಗಿದ. 2016ರ ಆಗಸ್ಟಿನಲ್ಲಿ ಇಬಿಝಾದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಸುತ್ತಾಟ ನಿಲ್ಲಿಸಿದಾಗ ಅವನಿಗೆ 26 ವರ್ಷ. 2018ರ ಏಪ್ರಿಲ್ 20ರಂದು ತೀರಿಕೊಂಡ. ಎಲ್ಲರಿಗೂ ಹಾಗಾಗುತ್ತದೆ ಅಂತ ಹೆದರಿಸಲು ಇದನ್ನು ಹೇಳುತ್ತಿಲ್ಲ. ಬೇಡ ಅನ್ನಲು ಬರುವವರು ಮಾತ್ರ ಈ ಕೆಲಸದಲ್ಲಿ ಬಹುಕಾಲ ಇರುತ್ತಾರೆ. 19ಕ್ಕೆ ಬೇಡ ಅನ್ನುವುದು ಸುಲಭ ಅಲ್ಲ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಂದದ್ದರಲ್ಲಿ ಏಜೆಂಟಿಗೊಂದು ಪಾಲು, ಮ್ಯಾನೇಜರಿಗೊಂದು ಪಾಲು. ಚಳಿಗಾಲ ಉದ್ದ.

ಹಾಗಂತ ಕಾಲೇಜು ಬಿಡಬೇಡ ಅನ್ನುವಾಗ ಹೆಡ್‌ಫೋನನ್ನೂ ಕಿತ್ತುಕೊಳ್ಳಬೇಡಿ. ಎರಡು ವರ್ಷ ಒಂದೇ ಜಾಗದಲ್ಲಿ, ಒಂದೇ ಜನಕ್ಕೆ ನುಡಿಸಲಿ. ಕುಣಿಯುವವರು ಯಾವಾಗ ನೀರು ಕುಡಿಯಲು ಹೋಗುತ್ತಾರೆ, ಯಾವ ಹಾಡಿಗೆ ಓಡಿ ಬರುತ್ತಾರೆ ಅನ್ನುವುದು ಗೊತ್ತಾಗುವುದು ಹಾಗೆಯೇ. ವಿಮಾನ ಆಮೇಲೆ ಇದ್ದೇ ಇದೆ.

ಆಕೆಯ ಒಪ್ಪಿಗೆ ಪಡೆದು ಪೂರ್ತಿ ದಿನಚರಿಯ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ಲಕೋಟೆ ನಿಮ್ಮ ಮಗಳ ಹೆಸರಿಗಿದೆ, ದಯವಿಟ್ಟು ನೀವು ಒಡೆಯಬೇಡಿ. ಕಿವಿಯ ಪುಟಕ್ಕೆ ಗುರುತು ಹಾಕಿದ್ದೇನೆ. ಓದಿದ ಮೇಲೆ ನಮ್ಮಿಬ್ಬರಲ್ಲಿ ಯಾರ ಮೇಲಾದರೂ ಅವಳಿಗೆ ಸಿಟ್ಟು ಬಂದರೆ ನನಗೇ ಬರೆಯಲಿ. ಎರಡು ಪುಟದ ಒಳಗಿದ್ದರೆ ಈ ಸಲ ಕತ್ತರಿ ಮುಟ್ಟುವುದಿಲ್ಲ.

– ಸಂಪಾದಕ