ಅಮ್ಮನ ಚೀಟಿ ಓದುವ ಮಗ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಇದು ಒಬ್ಬರ ಕಥೆ. ಆದರೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಇಂಥವರು ಬರುತ್ತಲೇ ಇರುತ್ತಾರೆ. ನಿದ್ದೆ ಇಲ್ಲ, ಎದೆ ಹೊಡ್ಕೊಳ್ಳುತ್ತೆ, ತಲೆ ಸುತ್ತುತ್ತೆ ಅಂತ ಬರುತ್ತಾರೆ. ಓದಲು ಬರುವುದಿಲ್ಲ ಅಂತ ಹೇಳಿಕೊಂಡು ಬಂದವರು ಯಾರೂ ಇಲ್ಲ.

ಈಕೆ ಕೊಡಗಿನ ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲು ಮನೆಯವರು. ವಯಸ್ಸು 33. ಗಂಡ ಲಾರಿ ಡ್ರೈವರ್, ಮನೆಯಲ್ಲಿ ಇರುವುದೇ ಅಪರೂಪ. ಮಗ ಎಂಟನೇ ಕ್ಲಾಸು. ಆಕೆಯ ಶಾಲೆ ಐದನೇ ಕ್ಲಾಸಿಗೇ ನಿಂತಿತ್ತು. ರೊಬಸ್ಟಾ ಕುಯ್ಲು ಜೋರಾಗುವ ಹೊತ್ತಿಗೇ ಶಾಲೆಯಲ್ಲಿ ಪರೀಕ್ಷೆಯ ತಯಾರಿ. ಅಮ್ಮ ಕುಯ್ಲಿಗೆ ಹೋದರೆ ಸಣ್ಣ ತಮ್ಮನನ್ನು ನೋಡಿಕೊಳ್ಳಲು ಇವರೇ ಮನೆಯಲ್ಲಿ ಉಳಿಯಬೇಕಿತ್ತು. ತೋಟದ ಲೈನ್‌ಗಳಲ್ಲಿ ಈ ಕಥೆ ಹೊಸದಲ್ಲ.

ಬಿಪಿ, ಥೈರಾಯ್ಡ್ ಎಲ್ಲ ಸರಿ ಇದೆ, ಆದರೂ ನಿದ್ದೆ ಇಲ್ಲ ಅಂತ ಡಾಕ್ಟರು ಕಳಿಸಿದ್ದರು. ಸ್ತ್ರೀಶಕ್ತಿ ಸಂಘದಲ್ಲಿ ಈಕೆಯನ್ನು ಪ್ರತಿನಿಧಿ ಮಾಡಿದ್ದಾರೆ, ಅದರ ಟೆನ್ಷನ್ ಅಂತ ಜೊತೆಗೆ ಬಂದ ನಾದಿನಿ ಹೇಳಿದರು. ಮೊದಲ ಭೇಟಿ ಅದರಲ್ಲೇ ಮುಗಿಯಿತು.

ಮುಂದಿನ ಸಲ ಮಗನ ಜೊತೆ ಬಂದರು. ಹುಡುಗ ಹೊರಗಿನ ಬೆಂಚಿನಲ್ಲಿ ಕೂತಿದ್ದ. ನಾನು ಒಪ್ಪಿಗೆ ಪತ್ರ ಮುಂದಿಟ್ಟೆ. ಇಲ್ಲಿ ನೀವು ಹೇಳಿದ ಮಾತು ಮನೆಯವರಿಗೂ ಗೊತ್ತಾಗುವುದಿಲ್ಲ ಅಂತ ಅದರಲ್ಲಿ ಕನ್ನಡದಲ್ಲೇ ಬರೆದಿದೆ. ಆಕೆ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಮೂರ್ನಾಲ್ಕು ಅಕ್ಷರ ಕೂಡಿಸಿದರು. ಬೆರಳು ಅಲ್ಲೇ ನಿಂತಿತು. ಆಮೇಲೆ ಬಾಗಿಲ ಕಡೆ ನೋಡಿ, "ಮೇಡಂ, ಮಗನನ್ನ ಕರೀಲಾ? ಅವನು ಓದ್ತಾನೆ" ಅಂದರು.

ಬೇಡ ಅಂದೆ. ನಾನೇ ನಿಧಾನಕ್ಕೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವನಿಗೆ ಗೊತ್ತಿಲ್ಲದ್ದು ನನ್ನ ಹತ್ರ ಏನೂ ಉಳಿದಿಲ್ಲ ಮೇಡಂ."

ಆಮೇಲೆ ಒಂದೊಂದೇ ಹೊರಬಂತು. ಬ್ಯಾಂಕಿನ ಮೆಸೇಜು ಓದುವುದು ಅವನೇ. ಸಾಲದ ಕಂತು ತಪ್ಪಿದ ನೋಟಿಸು ಓದಿದ್ದೂ ಅವನೇ. ಕೆಲವು ತಿಂಗಳ ಹಿಂದೆ ಆಕೆಗೆ ಹೊಟ್ಟೆ ಸ್ಕ್ಯಾನ್ ಆಗಿತ್ತು. ವರದಿಯ ಕವರನ್ನು ಕೌಂಟರಿನವರು ನೇರ ಹುಡುಗನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಜನ ತುಂಬಿದ ವರಾಂಡದಲ್ಲಿ ನಿಂತು ಅವನು ಗಟ್ಟಿಯಾಗಿ ಓದಲು ಶುರುಮಾಡಿದ. ಮಧ್ಯೆ ನಿಲ್ಲಿಸಿದ. ಮೊಬೈಲಿನಲ್ಲಿ ಏನೋ ಹುಡುಕಿದ. ಗರ್ಭಕೋಶ, ಗಡ್ಡೆ. ಅವತ್ತು ರಾತ್ರಿ ಊಟಕ್ಕೆ ಕೂತವನು ತಟ್ಟೆ ನೋಡುತ್ತಾ ಕೇಳಿದನಂತೆ: "ಅಮ್ಮ, ನೀನು ಸತ್ತು ಹೋಗ್ತೀಯಾ?"

ನಿದ್ದೆ ಹೋಗಿದ್ದು ಅವತ್ತಿನಿಂದ. ಮಗ ತನ್ನ ಮುಖ ನೋಡಿ ಸರಿಯಾಗಿ ಮಾತಾಡುವುದಿಲ್ಲ ಅನ್ನುವುದು ಆಕೆಗೆ ಗಡ್ಡೆಗಿಂತ ದೊಡ್ಡ ನೋವು. ಸಂಘದ ಪುಸ್ತಕದ ಭಯ ಅದರ ಮೇಲೆ ಸೇರಿಕೊಂಡಿತ್ತು, ಅಷ್ಟೆ. ಸಭೆಯ ನಡಾವಳಿ ಬರೆಯಲು ಕೊಟ್ಟರೆ ಅದನ್ನೂ ಮಗನಿಂದಲೇ ಬರೆಸಬೇಕಲ್ವಾ? ಆಗ ಊರಿನ ಹತ್ತು ಮನೆಯ ಸಾಲದ ಲೆಕ್ಕವೂ ಆ ಮಗುವಿನ ತಲೆಗೆ.

ಜನಗಣತಿಯ ಲೆಕ್ಕದಲ್ಲಿ ಈಕೆ ಸಾಕ್ಷರೆ. 2011ರ ಗಣತಿ ಪ್ರಕಾರ ಕೊಡಗಿನ ಸಾಕ್ಷರತೆ ಶೇ. 82.61, ಇಡೀ ರಾಜ್ಯದ್ದು ಶೇ. 75.36. ನಮ್ಮ ಜಿಲ್ಲೆ ಮುಂದಿದೆ ಅಂತ ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಗಣತಿಯವರು ಓದಿಸಿ ನೋಡುವುದಿಲ್ಲ. ಓದು ಬರಹ ಬರುತ್ತಾ ಅಂತ ಕೇಳುತ್ತಾರೆ, ಮನೆಯವರು ಹೂಂ ಅಂದರೆ ಹೂಂ. ಐದನೇ ಕ್ಲಾಸು ಓದಿದವಳು, ಸಹಿ ಹಾಕುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ. ಅವಳಿಗೆ ಕಲಿಕೆ ಬೇಕು ಅಂತ ಯಾವ ಪಟ್ಟಿಯಲ್ಲೂ ಹೆಸರು ಬರುವುದಿಲ್ಲ. ದುಡಿಯುವ ವಯಸ್ಸಿನ ಇಂಥವರೇ ನನ್ನ ಹತ್ತಿರ ಜಾಸ್ತಿ ಬರುವುದು.

ನಾನು ಮೊದಲು ಹೇಳಿದ್ದು ಓದಿನ ಮಾತಲ್ಲ. ವರದಿಯನ್ನು ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ, ಜೊತೆಗೆ ಆಶಾ ಕಾರ್ಯಕರ್ತೆ ಬರಲಿ, ಮಗ ಬೇಡ ಅಂದೆ. ಅದು ಫೈಬ್ರಾಯ್ಡ್. ಇಂಥ ಗಡ್ಡೆ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ ಅಂತ ಡಾಕ್ಟರು ಬಿಡಿಸಿ ಹೇಳಿದರು. ಅದನ್ನು ಮಗನಿಗೆ ನೀವೇ ನಿಮ್ಮ ಬಾಯಿಂದ ಹೇಳಿ ಅಂದೆ. ಇನ್ನು ಮುಂದೆ ನನ್ನ ಆಸ್ಪತ್ರೆ ಚೀಟಿ, ಬ್ಯಾಂಕಿನ ಕಾಗದ ನೀನು ಓದಬೇಕಾಗಿಲ್ಲ ಕಂದ ಅಂತಲೂ ಹೇಳಲು ಹೇಳಿದೆ.

ಎರಡನೆಯ ಸಲಹೆಗೆ ತಕರಾರು ಬಂತು. ಅಕ್ಷರ ಕಲಿಯಿರಿ, ಆದರೆ ಮಗನ ಹತ್ತಿರ ಬೇಡ ಅಂದೆ. ಪರಿಚಯದ ಶಿಕ್ಷಕರೊಬ್ಬರಿಗೆ ಇದು ಹಿಡಿಸಲಿಲ್ಲ. ಕೇಂದ್ರ ಸರ್ಕಾರದ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮದಲ್ಲಿ 15 ವರ್ಷ ದಾಟಿದವರಿಗೆ ಸ್ವಯಂಸೇವಕರೇ ಕಲಿಸುವುದು, ಶಾಲೆಯ ಮಕ್ಕಳೂ ಕಲಿಸಬಹುದು, ಮಗನೇ ಗುರು ಆದರೆ ಎಷ್ಟು ಚೆಂದ ಅಂದರು. ಎಷ್ಟೋ ಮನೆಗಳಲ್ಲಿ ಅದು ಚೆಂದವೇ. ಈ ಮನೆಯಲ್ಲಿ ಅಲ್ಲ. ಇಲ್ಲಿ ಹುಡುಗ ಆಗಲೇ ಮನೆಯ ಯಜಮಾನನ ಭಾರ ಹೊತ್ತಿದ್ದಾನೆ. ಅಮ್ಮನ ತಪ್ಪು ತಿದ್ದುವ ಕೆಲಸವನ್ನೂ ಕೊಟ್ಟರೆ ಅವಳು ಅವನ ಮುಂದೆ ಇನ್ನಷ್ಟು ಚಿಕ್ಕವಳಾಗುತ್ತಾಳೆ. ತನ್ನ ಕಾಗದವನ್ನು ತಾನೊಬ್ಬಳೇ ಓದಿಕೊಳ್ಳುವುದು ಅವಳ ಮರ್ಯಾದೆಯ ವಿಷಯ. ಅದನ್ನು ಯಾರ ಕೈಯಲ್ಲಿ ಕಲಿಯಬೇಕು ಅಂತ ಆರಿಸುವ ಹಕ್ಕೂ ಅವಳದೇ.

ಸಂಘದವರದ್ದು ಇನ್ನೊಂದು ಒತ್ತಾಯ. ಅಂಗನವಾಡಿ ಸಹಾಯಕಿ ಕೆಲಸಕ್ಕೂ ಈಗ ಎಸ್ಸೆಸ್ಸೆಲ್ಸಿ ಬೇಕು, ನೇರ ಪರೀಕ್ಷೆ ಕಟ್ಟಿಬಿಡಲಿ ಅಂದರು. 15 ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು, ನಿಜ. ಆದರೆ ಒಂದು ಪುಟ ಓದಲು ಕಷ್ಟಪಡುವವರನ್ನು ಆರು ವಿಷಯದ ಪರೀಕ್ಷೆಗೆ ಕೂರಿಸಿದರೆ ಫೇಲಾಗಿ ಬರುತ್ತಾರೆ. ನನ್ನ ಕೈಲಾಗಲ್ಲ ಅನ್ನುವುದು ಆಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಅವಕಾಶ ತಪ್ಪಿಸಿದಿರಿ ಅಂತ ಕೆಲವರು ನನ್ನ ಮೇಲೆ ಬೇಸರ ಮಾಡಿಕೊಂಡರು. ಈಗಲೂ ಅದೇ ಸಲಹೆ ಕೊಡುತ್ತೇನೆ.

ಹತ್ತಿರದಲ್ಲೇ ನಿವೃತ್ತ ಟೀಚರೊಬ್ಬರಿದ್ದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತೋಟದ ಕೆಲಸ ನಿಂತ ದಿನಗಳಲ್ಲಿ ಪಾಠ ಶುರುವಾಯಿತು. ಪಠ್ಯಪುಸ್ತಕ ಆಮೇಲೆ, ಮೊದಲು ನಿಮ್ಮ ಕಾಗದಗಳೇ ಪಾಠವಾಗಲಿ ಅಂತ ಹೇಳಿದ್ದೆ. ಪಾಸ್‌ಬುಕ್ಕು, ಪಡಿತರ ಚೀಟಿ, ಸಂಘದ ಹಳೆಯ ನಡಾವಳಿ. ಪಾಸ್‌ಬುಕ್ಕಿನಲ್ಲಿ ಯಾವ ಕಾಲಂ ಕಟ್ಟಿದ್ದು, ಯಾವುದು ತೆಗೆದದ್ದು ಅಂತ ಗೊತ್ತಾದ ದಿನ ಟೀಚರಿಗೆ ಬಾಳೆಹಣ್ಣು ಕೊಟ್ಟು ಬಂದರಂತೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಆದರೆ ಮೊದಲಿನಷ್ಟು ಕಷ್ಟವಿಲ್ಲ. ಹುಡುಗ ಸಂಜೆ ಫುಟ್‌ಬಾಲ್ ಆಡಲು ಹೋಗುತ್ತಿದ್ದಾನೆ.

ಈಗ ಸಂಘದ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಓದಿ ಹೇಳುವುದು ಆಕೆಯೇ. ಬರೆಯುವುದು ಎರಡನೇ ಪ್ರತಿನಿಧಿ. ಎಸ್ಸೆಸ್ಸೆಲ್ಸಿ ವಿಷಯ ಈ ಸಲದ ಕುಯ್ಲು ಮುಗಿದ ಮೇಲೆ ನೋಡ್ತೀನಿ ಮೇಡಂ ಅಂದಿದ್ದಾರೆ.