ಸೋತ ಪಕ್ಷದ ಯಜಮಾನಿಕೆ ಯಾರಿಗೆ?

ಚುನಾವಣೆಯಲ್ಲಿ ಸೋತ ಪಕ್ಷ ಹೊಸ ನಾಯಕನನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: 2023ರಲ್ಲಿ ಸೋತ ಮೇಲೆ ಬಿಜೆಪಿ ಆರು ತಿಂಗಳು ವಿಧಾನಸಭೆಗೆ ವಿರೋಧ ಪಕ್ಷದ ನಾಯಕನನ್ನೇ ಕೊಡಲಿಲ್ಲ. ಇದಕ್ಕೆ ಗಡುವು ಅಂತ ಏನೂ ಇಲ್ಲವೇ? (ದಾವಣಗೆರೆಯ ಓದುಗರು)

ಇಲ್ಲ. ಆಳುವ ಪಕ್ಷದ ಎದುರಿಗೆ ಹೆಚ್ಚು ಶಾಸಕರಿರುವ ಪಕ್ಷ ಹೆಸರು ಬರೆದು ಕೊಡುತ್ತದೆ, ಸ್ಪೀಕರ್ ಮಾನ್ಯ ಮಾಡುತ್ತಾರೆ. ಕೊಡದಿದ್ದರೆ ಕುರ್ಚಿ ಖಾಲಿ, ಅಷ್ಟೇ. ಮೇ 13ಕ್ಕೆ ಫಲಿತಾಂಶ ಬಂದು ಬಿಜೆಪಿ 66ಕ್ಕೆ ಇಳಿಯಿತು. ಜುಲೈನ ಬಜೆಟ್ ಅಧಿವೇಶನ ನಾಯಕನಿಲ್ಲದೆಯೇ ಮುಗಿಯಿತು. ನವೆಂಬರ್ 10ರಂದು ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾದರು, ಒಂದು ವಾರಕ್ಕೆ, 17ರಂದು, ಆರ್. ಅಶೋಕ ಶಾಸಕಾಂಗ ಪಕ್ಷದ ನಾಯಕರಾದರು, ಅಂದರೆ ವಿರೋಧ ಪಕ್ಷದ ನಾಯಕರೂ ಅವರೇ. ಈ ಎರಡು ದಿನಾಂಕ ಅಕ್ಕಪಕ್ಕ ಇರುವುದರಲ್ಲೇ ತಡದ ಕಾರಣವೂ ಇದೆ. ನಮ್ಮಲ್ಲಿ ಇವೆರಡನ್ನೂ ಜೋಡಿ ಹುದ್ದೆಯಾಗಿ ತೂಗುತ್ತಾರೆ. ಒಂದು ಲಿಂಗಾಯತರಿಗೆ ಹೋದರೆ ಇನ್ನೊಂದು ಒಕ್ಕಲಿಗರಿಗೆ. ಒಂದು ಗಂಟು ಬಿಚ್ಚುವ ತನಕ ಇನ್ನೊಂದೂ ಬಿಚ್ಚುವುದಿಲ್ಲ.

ಕ್ರಮ ಎಲ್ಲರಿಗೂ ಗೊತ್ತಿರುವುದೇ. ದಿಲ್ಲಿಯಿಂದ ವೀಕ್ಷಕರು ಬರುತ್ತಾರೆ, ಶಾಸಕರ ಅಭಿಪ್ರಾಯ ಕೇಳುತ್ತಾರೆ, ವರದಿ ಒಪ್ಪಿಸುತ್ತಾರೆ. ಆಮೇಲೆ ಸಭೆ: ಒಬ್ಬ ಹಿರಿಯರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ. ಇದರ ಕೊರತೆ ಏನೆಂದರೆ ಯಾರಿಗೆ ಎಷ್ಟು ಬಲ ಇತ್ತು ಎಂಬ ಲೆಕ್ಕ ಹೊರಗೆ ಬರುವುದೇ ಇಲ್ಲ. ಹಾಗಾಗಿ ಸಿಗದವರು "ನನಗೇ ಹೆಚ್ಚು ಬೆಂಬಲವಿತ್ತು" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಬಹುದು. ವಿಜಯೇಂದ್ರ ನೇಮಕದ ವಿರುದ್ಧ ಬಸನಗೌಡ ಪಾಟೀಲ ಯತ್ನಾಳರ ಬಹಿರಂಗ ಮುನಿಸು 2025ರ ಮಾರ್ಚ್‌ನಲ್ಲಿ ಅವರ ಉಚ್ಚಾಟನೆಯವರೆಗೂ ಎಳೆಯಿತು.

ಪ್ರಶ್ನೆ: 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಗೆ ನಮ್ಮ ಸಂಗನಕಲ್ಲಿನಲ್ಲೂ ಮತದಾನ ನಡೆಯಿತು. ನಾನೂ ಪಕ್ಷದ ಸದಸ್ಯ. ನನಗೇಕೆ ಮತ ಇರಲಿಲ್ಲ? (ಬಳ್ಳಾರಿಯ ಓದುಗರು)

ಅಲ್ಲಿ ಮತ ಇದ್ದದ್ದು ಸದಸ್ಯರಿಗಲ್ಲ, ಪ್ರದೇಶ ಕಾಂಗ್ರೆಸ್ ಸಮಿತಿಗಳ ಪ್ರತಿನಿಧಿಗಳಿಗೆ. ದೇಶದಲ್ಲೆಲ್ಲ ಸೇರಿ ಅವರ ಸಂಖ್ಯೆ 9,915. ರಾಹುಲ್ ಗಾಂಧಿ ಮತ್ತು ಅವರ ಭಾರತ್ ಜೋಡೋ ಪಾದಯಾತ್ರೆಯಲ್ಲಿದ್ದ ಪ್ರತಿನಿಧಿಗಳು ದಾರಿಯಲ್ಲೇ ಮತ ಹಾಕಲೆಂದು ನಿಮ್ಮೂರಿನ ಬಿಡಾರದಲ್ಲಿ ವ್ಯವಸ್ಥೆಯಾಗಿತ್ತು. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಗೆದ್ದದ್ದು 52 ಸ್ಥಾನ ಮಾತ್ರ, ರಾಹುಲ್ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಸೋನಿಯಾ ಹಂಗಾಮಿ ಎಂದು ಬಂದು ಮೂರು ವರ್ಷ ದಾಟಿತ್ತು.

ನಾಮಪತ್ರಕ್ಕೆ ಹತ್ತು ಪ್ರತಿನಿಧಿಗಳ ಸಹಿ ಬೇಕು. ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿಯವರ ಅರ್ಜಿ ಬಿದ್ದದ್ದು ಇಲ್ಲೇ, ಸೂಚಕರ ಸಹಿಯ ದೋಷದಿಂದ. ಉಳಿದವರು ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್. ಆಮೇಲೆ ಬಂದ ಒಂದು ತಕರಾರು ಚಿಕ್ಕದು, ಆದರೆ ಚುನಾವಣೆ ಮಾಡಿಸುವವರೆಲ್ಲ ನೆನಪಿಡಬೇಕಾದದ್ದು. ಬೇಕಾದವರ ಹೆಸರಿನ ಮುಂದೆ "1" ಎಂದು ಬರೆಯಿರಿ ಎಂಬ ಸೂಚನೆ ಹೊರಟಿತ್ತು. ಆದರೆ ಮತಪತ್ರದಲ್ಲಿ ಖರ್ಗೆಯವರ ಕ್ರಮಸಂಖ್ಯೆಯೇ 1, ತರೂರ್ ಅವರದು 2! ತರೂರ್ ಕಡೆಯವರು ಆಕ್ಷೇಪಿಸಿದರು, ಮತದಾನದ ಹಿಂದಿನ ದಿನ ಸೂಚನೆ ಬದಲಾಗಿ ಟಿಕ್ ಗುರುತು ಬಂತು. ಇಬ್ಬರಿಗಿಂತ ಹೆಚ್ಚು ಜನ ನಿಂತಾಗ ಪ್ರಾಶಸ್ತ್ಯ ಮತ (1, 2 ಎಂದು ಆಯ್ಕೆಯ ಕ್ರಮ ಬರೆಯುವುದು) ಬೇಕೆಂದು ಪಕ್ಷದ ನಿಯಮಾವಳಿಯಲ್ಲಿದೆ. "1" ಬರೆಯುವ ಅಭ್ಯಾಸ ಬಂದದ್ದು ಅಲ್ಲಿಂದ. ಇಬ್ಬರೇ ಇದ್ದಾಗ ಅದರ ಅಗತ್ಯವಿಲ್ಲ.

ಎಣಿಸುವ ಮೊದಲು ಎಲ್ಲ ರಾಜ್ಯಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಿದರು, ಯಾವ ರಾಜ್ಯ ಯಾರಿಗೆ ಹಾಕಿತು ಎಂಬುದು ಗೊತ್ತಾಗದಿರಲೆಂದು. ಅಕ್ಟೋಬರ್ 19ರ ಲೆಕ್ಕ: ಖರ್ಗೆ 7,897, ತರೂರ್ 1,072, ಅಸಿಂಧು 416. ಓದಿ ಬರೆದ ಪ್ರತಿನಿಧಿಗಳೇ ಹಾಕಿದ 9,385 ಮತಗಳಲ್ಲಿ 416 ಕುಲಗೆಟ್ಟವು ಎಂದರೆ ಗುರುತಿನ ಸೂಚನೆಯನ್ನು ಕೊನೇ ಗಳಿಗೆಗೆ ಬಿಡಬಾರದು.

ಪ್ರಶ್ನೆ: 2024ರಲ್ಲಿ ಇಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ನಡೆದ ಸಂಸದರ ಮತದಾನದಲ್ಲಿ ಜೇಮ್ಸ್ ಕ್ಲೆವರ್ಲಿ ಮೊದಲ ದಿನ ಮುಂದಿದ್ದರು, ಮರುದಿನ ಮನೆಗೆ ಹೋದರು. ಒಂದೇ ರಾತ್ರಿಯಲ್ಲಿ ಏನಾಯಿತು? (ಲೀಸೆಸ್ಟರ್‌ನಿಂದ ಓದುಗರು)

ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಕ್ಟೋಬರ್ 8: ಕ್ಲೆವರ್ಲಿ 39, ರಾಬರ್ಟ್ ಜೆನ್ರಿಕ್ 31, ಕೆಮಿ ಬೇಡನಾಕ್ 30, ಟಾಮ್ ಟುಗೆಂಡ್‌ಹಾಟ್ 20. ಕೊನೆಯವರು ಹೊರಗೆ. ಅಕ್ಟೋಬರ್ 9: ಬೇಡನಾಕ್ 42, ಜೆನ್ರಿಕ್ 41, ಕ್ಲೆವರ್ಲಿ 37. ಎರಡೂ ದಿನ ಒಟ್ಟು 120 ಮತ. ಟುಗೆಂಡ್‌ಹಾಟ್ ಅವರ 20 ಮತ ಬಿಡುಗಡೆಯಾದರೂ ಕ್ಲೆವರ್ಲಿಗೆ ಹೆಚ್ಚುವುದಿರಲಿ, ಇದ್ದದ್ದರಲ್ಲೇ ಎರಡು ಕಡಿಮೆಯಾಯಿತು.

ಈ ಸುತ್ತಿನಲ್ಲಿ ಗೆಲ್ಲಬೇಕಾಗಿರಲಿಲ್ಲ, ಮೊದಲ ಇಬ್ಬರಲ್ಲಿ ಒಬ್ಬರಾದರೆ ಸಾಕಿತ್ತು. ಅವರಿಬ್ಬರ ಪೈಕಿ ಒಬ್ಬರನ್ನು ಆರಿಸುವವರು ಸಾಮಾನ್ಯ ಸದಸ್ಯರು. 120ರಲ್ಲಿ 41 ಸಿಕ್ಕರೆ ಜಾಗ ಖಾತ್ರಿ, ಏಕೆಂದರೆ ಉಳಿದ 79ರಲ್ಲಿ ಇನ್ನಿಬ್ಬರಿಗೂ ತಲಾ 41 ಬರಲಾರದು. 39 ಇದ್ದವರಿಗೆ ಎರಡೇ ಮತ ಬೇಕಿತ್ತು. "ನಮ್ಮವರಂತೂ ದಾಟಿದರು, ಇನ್ನು ಅವರ ಎದುರಾಳಿ ಯಾರಾಗಬೇಕು ಅದನ್ನು ನೋಡೋಣ" ಎಂದು ಕೆಲವರು ಮತವನ್ನು ಕಡ ಕೊಟ್ಟರೆ ಲೆಕ್ಕ ಹೀಗೇ ತಪ್ಪುತ್ತದೆ. ಮತದಾನ ಗುಟ್ಟಿನದಾದ್ದರಿಂದ ಯಾರು ಕೊಟ್ಟರು ಎಂದು ಯಾರೂ ಬೊಟ್ಟು ಮಾಡಲಾರರು. ಮುಂದೆ ಸದಸ್ಯರ ಮತದಲ್ಲಿ ಬೇಡನಾಕ್ 53,806, ಜೆನ್ರಿಕ್ 41,388. ಜುಲೈ 4ಕ್ಕೆ ಸೋತ ಪಕ್ಷಕ್ಕೆ ನವೆಂಬರ್ 2ಕ್ಕೆ ನಾಯಕಿ ಸಿಕ್ಕಿದರು. ಅಲ್ಲಿಯ ತನಕ ರಿಷಿ ಸುನಕ್ ಅವರೇ ಮುಂದುವರಿದರು. ರಾಜೀನಾಮೆ ಘೋಷಿಸಿಯೂ ಕುರ್ಚಿ ಬಿಡದೆ ಕಾಯುವ ಈ ಪದ್ಧತಿ ನಮ್ಮ ಪಕ್ಷಗಳಿಗೂ ಬಂದರೆ ಚೆನ್ನ.

ಪ್ರಶ್ನೆ: ಹಾಗಾದರೆ ಎಲ್ಲ ಸದಸ್ಯರಿಗೂ ಮತ ಕೊಡುವುದೇ ಒಳ್ಳೆಯದಲ್ಲವೇ? (ಧಾರವಾಡದ ಓದುಗರು)

ಕೇಳಲು ಚೆಂದ. ತೊಂದರೆ ಬರುವುದು ಸದಸ್ಯರ ಆಯ್ಕೆ ಸಂಸದರಿಗೆ ಬೇಡವಾದಾಗ. 2001ರಲ್ಲಿ ಕನ್ಸರ್ವೇಟಿವ್ ಸಂಸದರ ಕೊನೆಯ ಸುತ್ತಿನಲ್ಲಿ ಕೆನ್ ಕ್ಲಾರ್ಕ್ 59, ಇಯಾನ್ ಡಂಕನ್ ಸ್ಮಿತ್ 54, ಮೈಕೆಲ್ ಪೋರ್ಟಿಲ್ಲೊ 53. ಒಂದೇ ಮತದಿಂದ ಒಳಗೆ ಬಂದ ಡಂಕನ್ ಸ್ಮಿತ್ ಸದಸ್ಯರಲ್ಲಿ ಶೇ 61 ಪಡೆದು ಗೆದ್ದರು. ಆದರೆ ಸದನದಲ್ಲಿ ಅವರ ಬೆನ್ನಿಗಿದ್ದವರು ಮೂರನೇ ಒಂದು ಪಾಲು. 2003ರ ಅಕ್ಟೋಬರ್‌ನಲ್ಲಿ 90–75ರಿಂದ ಸಂಸದರೇ ಅವರನ್ನು ಇಳಿಸಿದರು.

ಲೇಬರ್ ಪಕ್ಷದ್ದು ಇನ್ನೂ ಗಟ್ಟಿ ಪಾಠ. 2015ರಲ್ಲಿ ಸ್ಪರ್ಧೆಗೆ ಶೇ 15 ಸಂಸದರ, ಅಂದರೆ 35 ಜನರ ಸೂಚನೆ ಬೇಕಿತ್ತು. ಜೆರೆಮಿ ಕಾರ್ಬಿನ್‌ಗೆ 36 ಸಿಕ್ಕಿತು. ಅದರಲ್ಲೂ ಕೆಲವರು "ಚರ್ಚೆಗೊಬ್ಬರು ಇರಲಿ" ಎಂದು ಸಹಿ ಹಾಕಿದವರು. 3 ಪೌಂಡ್ ಕೊಟ್ಟು ಬೆಂಬಲಿಗರೆಂದು ಹೆಸರು ನೋಂದಾಯಿಸಿದವರಿಗೂ ಮತ ಇತ್ತು. ಕಾರ್ಬಿನ್ ಮೊದಲ ಎಣಿಕೆಯಲ್ಲೇ ಶೇ 59.5 ಪಡೆದರು. ಮರುವರ್ಷ ಸಂಸದರು 172–40ರಿಂದ ಅವಿಶ್ವಾಸ ತೋರಿಸಿದರೂ ಅವರು ಇಳಿಯಲಿಲ್ಲ, ಸದಸ್ಯರು ಮತ್ತೆ ಆರಿಸಿದರು. 2021ರಲ್ಲಿ ಪಕ್ಷ ಸಂಸದರ ಸೂಚನೆಯ ಮಿತಿಯನ್ನು ಶೇ 20ಕ್ಕೆ ಏರಿಸಿತು, ದುಡ್ಡು ಕೊಟ್ಟ ಬೆಂಬಲಿಗರ ಮತವನ್ನು ತೆಗೆಯಿತು. ನಮ್ಮ ಮಟ್ಟಿಗೆ ಮತ ಎಲ್ಲರಿಗೂ ಇರಲಿ, ಆದರೆ ಬಾಗಿಲಲ್ಲಿ ಸಂಸದರ ಜರಡಿ ಗಟ್ಟಿಯಾಗಿರಲಿ. ಸಹಿಯನ್ನು ದಾಕ್ಷಿಣ್ಯಕ್ಕೆ ಹಾಕಬಾರದು.

ಪ್ರಶ್ನೆ: ನಮ್ಮ ಪಕ್ಷ ಸೋತು ತಾಲ್ಲೂಕು ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದಾರೆ. ಮೂವರು ಆಕಾಂಕ್ಷಿಗಳು, 96 ಮತದಾರರು. ಗಲಾಟೆಯಿಲ್ಲದೆ ಚುನಾವಣೆ ಮಾಡುವುದು ಹೇಗೆ? (ಮಂಡ್ಯ ಜಿಲ್ಲೆಯ ಓದುಗರು)

ಮೊದಲು ನಿಮ್ಮ ಪಕ್ಷದ ನಿಯಮಾವಳಿ ನೋಡಿ. ಅದು ಏನೂ ಹೇಳದ ಕಡೆ ಮಾತ್ರ ಕೆಳಗಿನದು ಅನ್ವಯ. ಮತದಾರರ ಪಟ್ಟಿಯನ್ನು ನಾಮಪತ್ರಕ್ಕೆ ಮುಂಚೆಯೇ ಮುಚ್ಚಿ, ಪ್ರತಿ ಅಭ್ಯರ್ಥಿಗೂ ಫೋನ್ ನಂಬರ್ ಸಮೇತ ಒಂದು ಪ್ರತಿ ಕೊಡಿ. ಸೂಚಕರು ಐದು ಜನ ಸಾಕು, ಒಬ್ಬರು ಒಬ್ಬರಿಗೇ ಸಹಿ ಹಾಕಬೇಕು, ಸಹಿಯ ಪಕ್ಕ ಪಟ್ಟಿಯ ಕ್ರಮಸಂಖ್ಯೆ ಇರಲಿ.

ಮೂವರಿರುವುದರಿಂದ ಪ್ರಾಶಸ್ತ್ಯ ಮತವೇ ಸರಿ: ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2. ಅಭ್ಯರ್ಥಿಗಳ ಹೆಸರಿನ ಹಿಂದೆ ಅಂಕಿ ಹಾಕಬೇಡಿ, ಅ, ಆ, ಇ ಎಂದು ಅಕ್ಷರ ಹಾಕಿ. ಮತಪತ್ರ 100 ಮುದ್ರಿಸಿ, ಹಿಂಬದಿಗೆ ಚುನಾವಣಾಧಿಕಾರಿಯ ಸಹಿ ಮಾಡಿಸಿ. ಪೆಟ್ಟಿಗೆ ತೆಗೆದಾಗ ಮಡಿಕೆ ಬಿಚ್ಚುವ ಮೊದಲು ಬರೀ ಕಾಗದ ಎಣಿಸಿ. ಪೆಟ್ಟಿಗೆಯಲ್ಲಿರುವುದು, ಕೈಯಲ್ಲಿ ಉಳಿದದ್ದು ಕೂಡಿ 100 ಆಗಬೇಕು. ಇಬ್ಬರಿಗೂ 1 ಹಾಕಿದ್ದರೆ ಅಸಿಂಧು. ಬರೀ 1 ಹಾಕಿ 2 ಬಿಟ್ಟರೆ ಏನು ಮಾಡುವುದು, ಸರಿಸಮ ಬಂದರೆ ಚೀಟಿ ಎತ್ತುವುದೇ ಎಂಬುದನ್ನು ಮುಂಚಿತವಾಗಿ ಬರೆದಿಡಿ.

ಉದಾಹರಣೆಗೆ ಅಸಿಂಧು 2 ಕಳೆದು 94 ಮತ, ಗೆಲ್ಲಲು 48. ಮೊದಲ ಎಣಿಕೆ 40, 34, 20 ಎಂದಿಟ್ಟುಕೊಳ್ಳಿ. ಮೂರನೆಯವರ 20 ಮತಪತ್ರಗಳಲ್ಲಿ "2" ಯಾರಿಗಿದೆಯೋ ಅವರಿಗೆ ಹಂಚಬೇಕು. 6 ಮೊದಲನೆಯವರಿಗೆ, 14 ಎರಡನೆಯವರಿಗೆ ಹೋದರೆ 46–48, ಹಿಂದಿದ್ದವರೇ ಗೆದ್ದರು. "40 ಬಂದವನು ಸೋಲೋದು ಹೇಗೆ" ಎಂಬ ಕೂಗು ಎದ್ದೇ ಏಳುತ್ತದೆ. ಅದಕ್ಕೇ ನಾಮಪತ್ರ ತೆಗೆದುಕೊಳ್ಳುವ ದಿನವೇ ಈ ಉದಾಹರಣೆಯನ್ನು ಮೂವರನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಬಿಡಿಸಿ ತೋರಿಸಿ, ಅದರ ಕೆಳಗೆ ಮೂವರ ಸಹಿ ತೆಗೆದುಕೊಳ್ಳಿ.